ತಾನಾಗೇ ಬೆಳೆದದ್ದು

“ಈ ಮರಗಳಿಗೆ ಇಲ್ಲಿ ಏನು ಕೆಲಸ?”

ಧನ್ಯಾ ಮೇಡಂ ಗುಡ್ಡದ ಮಧ್ಯೆ ನಿಂತು ಜೋರಾಗಿಯೇ ಕೇಳಿದರು. ಯಾರನ್ನೂ ಕೇಳಲಿಲ್ಲ. ಮುಖ ಮರಗಳ ಕಡೆಗಿತ್ತು. ಬೆನ್ನ ಹಿಂದೆ ನಾನಿದ್ದೆ. ನನ್ನ ತಲೆಯ ಮೇಲೆ ಅವರ ಕಬ್ಬಿಣದ ಗೂಟಗಳ ಚೀಲ, ಹೆಗಲಲ್ಲಿ ಅಳತೆಯ ಹಗ್ಗ. ನನ್ನ ಹಿಂದೆ ನಮ್ಮತ್ತೆ ಭಾಗಮ್ಮ, ಸುತ್ತಿಗೆ ಮತ್ತು ಟಾರ್ಪಾಲು ಹೊತ್ತುಕೊಂಡು. ಅತ್ತೆಯ ಹಿಂದೆ ಎಸ್ಟೇಟಿನ ಮೇಸ್ತ್ರಿ ತಿಮ್ಮಪ್ಪ. ಅವನ ಕೈಯಲ್ಲಿ ಮೇಡಂ ಊಟದ ಕ್ಯಾರಿಯರು ಮಾತ್ರ ಇತ್ತು. ಅದೊಂದನ್ನು ನಾವು ಮುಟ್ಟುವಂತಿರಲಿಲ್ಲ. ಉಳಿದ ಭಾರವನ್ನೆಲ್ಲ ಮುಟ್ಟಬಹುದಿತ್ತು.

ಮೂವರಿಗೂ ಉತ್ತರ ಗೊತ್ತಿತ್ತು. ಕೇಳಿದ್ದು ನಮ್ಮನ್ನಲ್ಲ.

ಎರಡು ಸಾವಿರದ ಮೂರನೇ ಇಸವಿಯ ಫೆಬ್ರವರಿ ಅದು. ಮೇಡಂ ಬೆಂಗಳೂರಿನ ಯಾವುದೋ ಸಂಸ್ಥೆಯಿಂದ ಬಂದಿದ್ದರು. ಮೂಡಿಗೆರೆಯಿಂದ ಕಳಸದವರೆಗಿನ ಗುಡ್ಡಗಳನ್ನು ಮಳೆ, ಬಿಸಿಲು, ಎತ್ತರ ನೋಡಿ ವಲಯ ವಲಯ ಮಾಡುವುದು ಅವರ ಕೆಲಸ. ನಮ್ಮ ಎಸ್ಟೇಟು ಬಣಕಲ್ಲಿನಿಂದ ಮೇಲಕ್ಕಿದೆ. ಪುಟ್ಟಸ್ವಾಮಿ ಗೌಡರದ್ದು. ಮೇಡಂ ಉಳಿದುಕೊಂಡಿದ್ದು ಗೌಡರ ಬಂಗಲೆಯಲ್ಲಿ. ಹೊರೆ ಹೊರಲು ಗೌಡರು ನಮ್ಮಿಬ್ಬರನ್ನು ಕೊಟ್ಟಿದ್ದರು. ಕುರ್ಚಿ ಕೊಟ್ಟ ಹಾಗೆ.

ಮೇಡಂ ಒಳ್ಳೆಯವರು. ಗುಡ್ಡ ಹತ್ತುವಾಗ ಮಾತಾಡುತ್ತಿದ್ದರು. ಕಳಸದ ಕಡೆ ಒಣ ತಿಂಗಳು ಕಡಿಮೆ, ಮಳೆ ವಿಪರೀತ, ಅದಕ್ಕೇ ಅಲ್ಲಿ ನಿತ್ಯಹರಿದ್ವರ್ಣದ ಕಾಡು. ಪೂರ್ವಕ್ಕೆ ಇಳಿದಂತೆ ಒಣ ತಿಂಗಳು ಹೆಚ್ಚು, ಎಲೆ ಉದುರಿಸುವ ಕಾಡು. ಕಡೂರಿನ ಕಡೆ ಕುರುಚಲು. ತೀರ ಮೇಲೆ, ಗಾಳಿಗೆ ಮೈಯೊಡ್ಡಿದ ಕಡೆ ಹುಲ್ಲು, ಹುಲ್ಲಿನ ಮಡಿಕೆಯಲ್ಲಿ ಶೋಲಾ ಎಂಬ ಕುಳ್ಳ ಕಾಡು. ಒಂದೊಂದಕ್ಕೂ ನಕ್ಷೆಯಲ್ಲಿ ಒಂದೊಂದು ಬಣ್ಣ. ಯಾವ ಗಿಡ ಎಲ್ಲಿರಬೇಕೋ ಅಲ್ಲೇ ಇರುತ್ತದೆ, ಅದನ್ನು ತೀರ್ಮಾನಿಸುವುದು ಹವೆ, ಗಿಡ ಅಲ್ಲ ಎಂದರು. ಇದು ನನಗೆ ಸುಲಭವಾಗಿ ಅರ್ಥವಾಯಿತು. ಗೌಡರ ಬಂಗಲೆಯಲ್ಲೂ ಹಾಗೆಯೇ. ಮೇಡಂ ಒಳಗಿನ ಹಾಲಿನವರೆಗೆ. ತಿಮ್ಮಪ್ಪ ಜಗಲಿಯವರೆಗೆ. ನಾವು ಕಾಫಿ ಒಣಗಿಸುವ ಕಣದವರೆಗೆ, ಅದೂ ಗುಡಿಸುವಾಗ. ಯಾರೂ ತಮ್ಮ ವಲಯ ಬಿಟ್ಟು ಬೆಳೆಯುವುದಿಲ್ಲ.

ಮರಗಳ ಹೆಸರು ಹೇಳುವಾಗ ಮೇಡಂ ದನಿ ಬೇರೆಯಾಗುತ್ತಿತ್ತು. ನಮ್ಮಪ್ಪ ದಾಸಯ್ಯ ಶಂಖ ಜಾಗಟೆ ಹಿಡಿದು ಎಸ್ಟೇಟಿನ ಆಳುಗಳ ಸಾಲುಮನೆಗಳಲ್ಲಿ, ಲೈನಿನಿಂದ ಲೈನಿಗೆ, ಪದ ಹೇಳಿಕೊಂಡು ಹೋಗುತ್ತಿದ್ದ. ಅವನ ಪದದಲ್ಲಿ ಕಾಡು ಬಂದರೆ ಮೊದಲು ಮರಗಳ ಹೆಸರು, ಒಂದೇ ಉಸಿರಿಗೆ. ಆಮೇಲೆ ಹಕ್ಕಿ, ಆಮೇಲೆ ಮೃಗ, ಕೊನೆಗೆ ಬೇಟೆಗೆ ಬಂದ ರಾಜ. ಕೇಳುತ್ತ ಬೆಳೆದವಳು ನಾನು. ಮೇಡಂ ಹೆಸರು ಹೇಳುವಾಗಲೂ ಕೈ ಮುಗಿಯಬೇಕು ಅನಿಸುತ್ತಿತ್ತು. ತಲೆಯ ಮೇಲೆ ಚೀಲ ಇದ್ದದ್ದರಿಂದ ಮುಗಿಯಲಿಲ್ಲ. ಅಪ್ಪನ ಕಾಡಿನಲ್ಲಿ ಕಳೆ ತೆಗೆಯುವ ಹೆಂಗಸು ಒಬ್ಬಳೂ ಇರಲಿಲ್ಲ. ಮೇಡಂ ಕಾಡಿನಲ್ಲೂ ಇರಲಿಲ್ಲ.

ಈಗ ಆ ಮರಗಳ ವಿಷಯ.

ಅವು ಹಾಲುವಾಣ. ಕಾಫಿ ಗಿಡಕ್ಕೆ ನೆರಳಿಗೆಂದು ತೋಟದಲ್ಲಿ ಹಾಕುವ ಮರ. ಕೊಂಬೆ ಕಡಿದು ಮಳೆಗಾಲದಲ್ಲಿ ನೆಲಕ್ಕೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ತೋಟದಲ್ಲಿ ಅದು ಇರಬೇಕಾದ್ದೇ. ತೋಟದ ಮೇಲಿನ ಬೋಳು ಹುಲ್ಲುಗುಡ್ಡದಲ್ಲಿ ಇರಬಾರದು. ಅಲ್ಲಿ ಒಂದು ಹಿಂಡೇ ಇತ್ತು. ಗಾಳಿಗೆ ಕುಳ್ಳಗಾಗಿ, ಸೊಟ್ಟಗಾಗಿ, ಎಲೆ ಉದುರಿಸಿಕೊಂಡು, ಮೈತುಂಬ ಕೆಂಪು ಹೂ.

ಆ ಗುಡ್ಡ ನಮ್ಮ ಲೈನಿನವರು ಹೆಣ ಹೂಳುವ ಜಾಗ. ಊರವರಿಗೆ ಹಳ್ಳದ ಪಕ್ಕ ಸ್ಮಶಾನ ಇದೆ. ಅಲ್ಲಿ ನಮಗೆ ಜಾಗ ಇಲ್ಲ. ಮೊದಮೊದಲು ಗುಂಡಿಯ ಮೇಲೆ ಕಲ್ಲು ಇಡುತ್ತಿದ್ದರಂತೆ. ಎಸ್ಟೇಟಿನ ಕಟ್ಟೆ ಕಟ್ಟಲು ಕಲ್ಲುಗಳನ್ನು ಕೆಳಕ್ಕೆ ಹೊರಿಸಿದರು. ಹೊತ್ತವರೂ ನಮ್ಮವರೇ. ಆಮೇಲೆ ತಲೆಯ ದಿಕ್ಕಿಗೆ ಒಂದು ಹಸಿ ಗೂಟ ನೆಡುವ ರೂಢಿ ಬಂತು. ಮುಂದಿನ ಸಾವಿಗೆ ಅದೇ ಜಾಗ ಅಗೆಯಬಾರದಲ್ಲ, ಅದಕ್ಕೆ. ಕೈಗೆ ಸಿಗುವ ಹಸಿ ಗೂಟ ಅಂದರೆ ಹಾಲುವಾಣವೇ. ನಮ್ಮವರು ಸಾಯುವುದು ಹೆಚ್ಚಾಗಿ ಮಳೆಗಾಲದಲ್ಲಿ. ಗೂಟ ಚಿಗುರುವುದೂ ಮಳೆಗಾಲದಲ್ಲೇ. ಬೇಸಿಗೆಯಲ್ಲಿ ಸತ್ತವರ ಗೂಟ ಒಣಗಿ ಹೋಯಿತು, ಅವರ ಗುರುತಿಲ್ಲ. ಮಳೆಯಲ್ಲಿ ಸತ್ತವರು ಮರವಾದರು. ಹವೆಗೆ ಸರಿಯಾಗಿಯೇ ಸತ್ತಿದ್ದಾರೆ. ಮೇಡಂ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಆದರೆ ಗೂಟ ಕಡಿಯುವುದು ಕಳ್ಳತನ. ಮರ ಎಸ್ಟೇಟಿನದು. ನಮ್ಮತ್ತೆಯ ಮೊದಲ ಕೂಸು ಸತ್ತಾಗ ಮಾವ ಗಿಡ್ಡಪ್ಪ ಒಂದು ಕೊಂಬೆ ಕಡಿದ. ಈಗಿನ ಗೌಡರ ತಂದೆ ಅವನನ್ನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಂಬಕ್ಕೆ ಕಟ್ಟಿಸಿದರು. ಬೆಳಿಗ್ಗೆ ಕಟ್ಟಿದ್ದು ಸಂಜೆ ಬಿಚ್ಚಿಸಿದರು. ಎದುರಿಗೇ ಎಲ್ಲರೂ ಹಣ್ಣು ಸುರಿಯುತ್ತ ಕೆಲಸ ಮಾಡಿದರು, ಅತ್ತೆಯೂ ಮಾಡಿದಳು. ಎದೆಯಲ್ಲಿ ಹಾಲು ಕಟ್ಟಿಕೊಂಡಿತ್ತು. ಅದಾದ ಮೇಲೆ ಲೈನಿನಲ್ಲಿ ಒಂದು ಮಾತು ಹುಟ್ಟಿತು. ಗುಡ್ಡದ ಮರ ಯಾರದು ಎಂದು ಯಾರು ಕೇಳಿದರೂ, ತಾನಾಗೇ ಬೆಳೆದದ್ದು ಅನ್ನಬೇಕು. ಮಾತು ಬಂದ ಮಕ್ಕಳಿಗೆ ಇದನ್ನೇ ಮೊದಲು ಕಲಿಸುತ್ತಿದ್ದೆವು.

ಮಾವನೂ ಈಗ ಗುಡ್ಡದಲ್ಲೇ ಇದ್ದಾನೆ. ಮರಗಸಿ ಮಾಡುವಾಗ, ಅಂದರೆ ನೆರಳು ಮರದ ಕೊಂಬೆ ಸವರುವಾಗ, ಮೇಲಿಂದ ಬಿದ್ದ. ಮೊದಲ ಮಳೆ ಬಿದ್ದು ಕೊಂಬೆ ಜಾರುತ್ತಿತ್ತು. ಅವನು ಬಿದ್ದ ಮೇಲೂ ಆವತ್ತು ಮರಗಸಿ ನಿಲ್ಲಲಿಲ್ಲ. ಅವನು ಕಡಿದು ಕೆಡವಿದ್ದ ಕೊಂಬೆಯನ್ನೇ ಅವನ ತಲೆಯ ಹತ್ತಿರ ನೆಟ್ಟರು.

ಮೇಡಂ ಕೊನೆಗೆ ನಮ್ಮ ಕಡೆ ತಿರುಗಿದರು. ಇವನ್ನು ನೆಟ್ಟವರು ಯಾರು ಎಂದು ತಿಮ್ಮಪ್ಪನನ್ನು ಕೇಳಿದರು. ತಿಮ್ಮಪ್ಪ ಅತ್ತೆಯ ಮುಖ ನೋಡಿದ. ಅತ್ತೆ ಉಸಿರು ಬಿಟ್ಟ ಹಾಗೆ ಹೇಳಿದಳು.

“ತಾನಾಗೇ ಬೆಳ್ದಿದ್ದು ಕಣಮ್ಮ.”

ಮೇಡಂ ಕಣ್ಣು ಬೆಳಗಿತು. ಯಾರೂ ನೆಟ್ಟಿಲ್ಲವೇ ಎಂದು ಮತ್ತೆ ಕೇಳಿದರು. ಯಾರೂ ಇಲ್ಲ. ಖಂಡಿತವೇ? ಖಂಡಿತ. ಈ ಎತ್ತರದಲ್ಲಿ, ಈ ಗಾಳಿಯಲ್ಲಿ, ಬೋಳು ಹುಲ್ಲಿನ ನಡುವೆ ತಾನಾಗಿ ಎದ್ದ ತೋಪು. ಇಂಥದ್ದನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ಮಧ್ಯಾಹ್ನದ ಊಟ ಮರೆತರು. ತಿಮ್ಮಪ್ಪ ಕ್ಯಾರಿಯರು ಹಿಡಿದುಕೊಂಡೇ ನಿಂತಿದ್ದ.

ಹಗ್ಗ ಹಿಡಿದು ಚೌಕ ಹಾಕಬೇಕಾಯಿತು. ಮೂಲೆ ಮೂಲೆಗೆ ಕಬ್ಬಿಣದ ಗೂಟ. ಹಗ್ಗ ಮಾವನ ಎದೆಯ ಮೇಲೆ ಹಾದುಹೋಯಿತು. ನಾನು ಸುತ್ತಿಗೆ ಹಿಡಿದು ಒಂದು ಕಡೆ ಗೂಟ ಇಟ್ಟೆ. ಮೇಡಂ ಇನ್ನೂ ಸ್ವಲ್ಪ ಎಡಕ್ಕೆ ಎಂದರು. ಎಡಕ್ಕೆ ನಮ್ಮ ಲೈನಿನ ಮುದ್ದಮ್ಮನ ಸಣ್ಣ ಮಗಳ ತಲೆ ಇತ್ತು. ಜ್ವರ ಬಂದು ಮೂರನೇ ಕ್ಲಾಸಿನಲ್ಲಿ ಸತ್ತಿದ್ದು. ನನ್ನ ಕೈ ಏಳಲಿಲ್ಲ. ಅತ್ತೆ ಬಂದು ಗೂಟ ಹಿಡಿದುಕೊಂಡು ಕೂತಳು. ತುಟಿ ಅಲುಗಿಸದೆ ಹೇಳಿದಳು.

“ಮೆತ್ತಗೆ ಹೊಡಿಯೇ. ಮಲ್ಗಿದಾವೆ.”

ಸಂಜೆ ಬಂಗಲೆಯಲ್ಲಿ ಮೇಡಂ ಗೌಡರಿಗೆ ತೋಪಿನ ಸುದ್ದಿ ಹೇಳಿದರಂತೆ. ಗೌಡರು ನಕ್ಕರಂತೆ. ಇಂಥ ಮರ ಸರ್ಕಾರ ಕಾಯಬೇಕು, ನಕ್ಷೆಯಲ್ಲಿ ಬೇರೆಯಾಗಿಯೇ ತೋರಿಸುತ್ತೇನೆ ಎಂದಾಗ ನಗು ನಿಂತಿತಂತೆ. ತಿಮ್ಮಪ್ಪ ಜಗಲಿಯಲ್ಲಿ ನಿಂತು ಕೇಳಿದ್ದು. ಕಾರಣ ಇತ್ತು. ಗುಡ್ಡ ದಾಖಲೆಯಲ್ಲಿ ಸರ್ಕಾರದ್ದು. ಗೌಡರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದರು. ಈಗಾಗಲೇ ಬುಡದಿಂದ ಅರ್ಧ ಗುಡ್ಡದವರೆಗೆ ಕಾಫಿ ಹತ್ತಿಸಿದ್ದರು. ನೆಟ್ಟವರು ನಾವು, ಒತ್ತುವರಿ ಅವರದು.

ಮಳೆಗಾಲದ ಹೊತ್ತಿಗೆ ನಕ್ಷೆ ಯಾವ ಯಾವ ಮೇಜು ದಾಟಿತೋ, ಗುಡ್ಡಕ್ಕೆ ಒಂದು ಬೋರ್ಡು ಬಂತು. ನೈಸರ್ಗಿಕ ಸಸ್ಯವರ್ಗ, ಪ್ರವೇಶವಿಲ್ಲ. ಮರಗಳಿಗೆ ಬಿಳಿ ಪಟ್ಟಿ ಬಳಿದರು. ಕಾಯಲು ಒಬ್ಬ ಗಾರ್ಡು.

ಆಷಾಢದಲ್ಲಿ ಮುದ್ದಮ್ಮ ಸತ್ತಳು. ಮಗಳ ಪಕ್ಕ ಮಲಗಿಸಬೇಕೆಂದು ಹೊತ್ತುಕೊಂಡು ಹೋದೆವು. ಮಳೆ ಅಂದರೆ ಮಳೆ. ಕಾಲಿಗೆಲ್ಲ ಇಂಬಳ ಕಚ್ಚಿ ರಕ್ತ. ಹೊತ್ತವರು ಎರಡು ಕಡೆ ಜಾರಿದರು. ಬೋರ್ಡಿನ ಹತ್ತಿರ ಗಾರ್ಡು ಪ್ಲಾಸ್ಟಿಕ್ಕು ಹೊದ್ದು ನಿಂತಿದ್ದ. ಕೆಟ್ಟವನಲ್ಲ. ಹೆಣಕ್ಕೆ ಕೈಯೂ ಮುಗಿದ. ಒಂದು ಬುಟ್ಟಿ ಮಣ್ಣು ಅಗೆದರೂ ತನ್ನ ಕೆಲಸ ಹೋಗುತ್ತದೆ ಎಂದ. ನನ್ನ ಗಂಡ ಗಿರಿ ಅವನ ಕಾಲು ಹಿಡಿಯುವುದೊಂದು ಬಾಕಿ.

“ನನ್ನ ಕೈಲೆಂತ ಇದೆ ಮಾರಾಯ. ಇದು ಈಗ ಕಾಡು. ಕಾಡಲ್ಲಿ ಮನುಷ್ಯರನ್ನ ಹೂಳಾಂಗಿಲ್ಲ.”

ಹೆಣ ಕೆಳಕ್ಕೆ ಬಂತು. ತಿಮ್ಮಪ್ಪ ತೋರಿಸಿದ ಜಾಗ ಪಲ್ಪರಿನ ಕೊಳಕು ನೀರು ನಿಲ್ಲುವ ಹೊಂಡದ ಕೆಳಗಿನ ಮೂಲೆ. ಅಗೆದಷ್ಟೂ ಕಪ್ಪು ನೀರು ಒಸರಿತು. ಕಾಫಿ ಸಿಪ್ಪೆ ಕೊಳೆತ ನಾತ. ಬುಟ್ಟಿಯಲ್ಲಿ ನೀರು ಎತ್ತಿ ಎತ್ತಿ ಹಾಕಿ, ಎತ್ತುತ್ತಿರುವಾಗಲೇ ಮುದ್ದಮ್ಮನನ್ನು ಇಳಿಸಿದೆವು. ಅವಳು ಒಂದು ಸಲ ತೇಲಿದಳು. ಆಮೇಲೆ ಮಣ್ಣು ಎಳೆದೆವು.

ಮನೆಗೆ ಬಂದು ಅತ್ತೆ ಒಲೆಯ ಮುಂದೆ ಕೂತಳು. ಎರಡು ವರ್ಷದಿಂದ ಅವಳ ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಅನ್ನುತ್ತಿತ್ತು. ಕಾಫಿ ಗಿಡದ ರೋಗಕ್ಕೆ ಬೋರ್ಡೋ ಮದ್ದು ಹೊಡೆದು ಹೊಡೆದು ಬಂದದ್ದು. ಮುಂದಿನ ಮಳೆ ಕಾಣುವುದಿಲ್ಲ ಎಂದು ಮೂಡಿಗೆರೆಯ ಡಾಕ್ಟರೂ ಹೇಳಿದ್ದರು, ಅವಳೂ ಹೇಳುತ್ತಿದ್ದಳು.

“ನನ್ನ ಎಲ್ಲಿಗೆ ಹಾಕ್ತೀಯೇ ದೇವೀರಿ?” ಎಂದು ಕೇಳಿದಳು.

ಹೊರನಾಡಿನ ಅಮ್ಮನ ಪಟದ ಕಡೆ ನೋಡಿದೆ. ಅಲ್ಲಿ ಯಾರು ಹೋದರೂ ಊಟ ಹಾಕುತ್ತಾರೆ. ಊಟ ಕೇಳಿದ್ದರೆ ಹೇಳಬಹುದಿತ್ತು. ಗುಡ್ಡಕ್ಕೇ, ಮಾವನ ಪಕ್ಕಕ್ಕೇ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಗೌಡರು ಸುಮ್ಮನೆ ಕೂತಿರಲಿಲ್ಲ. ಮರಗಳು ತಾನಾಗಿ ಬೆಳೆದದ್ದಲ್ಲ, ತಮ್ಮ ತಂದೆಯ ಕಾಲದಲ್ಲಿ ಕಾಫಿ ಹಾಕಲೆಂದು ನೆಡಿಸಿದ ನೆರಳು, ಹಾಗಾಗಿ ಗುಡ್ಡ ತಾವು ಸಾಗುವಳಿ ಮಾಡಿದ್ದು ಎಂದು ತಕರಾರು ಹಾಕಿದರು. ಮಳೆ ಹಿಂದೆ ಸರಿದ ಮೇಲೆ ಸ್ಥಳ ತನಿಖೆ ಎಂದು ಗೊತ್ತಾಯಿತು. ನೆಟ್ಟದ್ದನ್ನು ನೋಡಿದ ಹಳೆಯ ಆಳು ಒಬ್ಬರು ಹೇಳಬೇಕು. ಹಳೆಯ ಆಳು ಅಂದರೆ ನಮ್ಮತ್ತೆ ಒಬ್ಬಳೇ ಉಳಿದಿದ್ದಳು. ಮೊದಲು ಮೇಡಂಗೆ ತಾನಾಗೇ ಬೆಳೆದದ್ದು ಎಂದವಳೂ ಅವಳೇ.

ತನಿಖೆಯ ಹಿಂದಿನ ದಿನ ಬೆಳಿಗ್ಗೆ ಗೌಡರು ಲೈನಿಗೆ ಬಂದರು. ನನಗೆ ಬುದ್ಧಿ ಬಂದ ಮೇಲೆ ಗೌಡರು ಲೈನಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಚಾವಣಿ ಸೋರುತ್ತದೆ ಎಂದು ಹೇಳಿ ಕಳಿಸಿದಾಗಲೆಲ್ಲ ಅವರಿಗೆ ಪುರುಸೊತ್ತು ಇರಲಿಲ್ಲ. ತಿಮ್ಮಪ್ಪ ಬೆಂಚು ಹೊತ್ತು ತಂದು ಹಾಕಿದ. ಗೌಡರು ಸೋರಿದ ಗೋಡೆ ನೋಡಿ, ಇದನ್ನು ಯಾಕೋ ಹೇಳಲಿಲ್ಲ ತಿಮ್ಮಪ್ಪ ಎಂದು ಗದರಿದರು. ತಿಮ್ಮಪ್ಪ ತಲೆ ತಗ್ಗಿಸಿದ. ಆಮೇಲೆ ಅತ್ತೆಯ ಕಡೆ ತಿರುಗಿದರು. ಅಲ್ಲಿಯವರೆಗೆ ಅವಳು ಭಾಗಿ. ಆವತ್ತು ಭಾಗಮ್ಮ ಆದಳು.

ಮರ ನಾವೇ, ಎಸ್ಟೇಟಿನವರು ನೆಡಿಸಿದ್ದು ಎಂದು ನಾಳೆ ಒಂದು ಮಾತು ಹೇಳಿದರೆ ಸಾಕು ಎಂದರು. ಗುಡ್ಡ ತಮ್ಮದಾದ ಮೇಲೆ ಅವಳ ಗಂಡನ ಪಕ್ಕದ ಜಾಗ ಬಿಟ್ಟೇ ಕಾಫಿ ಹಾಕಿಸುತ್ತಾರಂತೆ. ಸಿಮೆಂಟು ಕಟ್ಟೆ ಕಟ್ಟಿಸಿ ಹೆಸರು ಕೆತ್ತಿಸುತ್ತಾರಂತೆ.

“ಉಳ್ದೋರು?” ಎಂದಳು ಅತ್ತೆ.

“ಉಳ್ದೋರು ಇಷ್ಟೊತ್ತಿಗೆ ಗೊಬ್ಬರ ಆಗಿರ್ತಾರೆ ಬಿಡು ಮಾರಾಯ್ತಿ. ಗಿಡ ಒಳ್ಳೇದಾಗಿ ಬರ್ತಾವೆ.”

ಗೌಡರು ತಮಾಷೆಗೆ ಹೇಳಿದ್ದು. ತಿಮ್ಮಪ್ಪ ನಕ್ಕ. ಅತ್ತೆಯೂ ಸ್ವಲ್ಪ ನಕ್ಕಳು. ಆಮೇಲೆ ಕೇಳಿದಳು.

“ಒಂದ್ಲೋಟ ಕಾಫಿ ಕುಡೀತೀರಾ ಅಯ್ಯ?”

ಗೌಡರು ವಾಚು ನೋಡಿದರು. ಈಗಷ್ಟೇ ಕುಡಿದು ಬಂದೆ ಎಂದರು. ಬೀಜ ಅವರದೇ ತೋಟದ್ದು. ಕುಯ್ದವಳು ನಾನು, ಹುರಿದವಳು ಅತ್ತೆ. ಬಂಗಲೆಗೆ ಹೋಗುವ ಪುಡಿಯನ್ನು ಹುರಿಯುವವಳೂ ಅತ್ತೆಯೇ. ಅಲ್ಲಿ ಅದು ಕುಡಿಯಲು ಬರುತ್ತದೆ. ಹೊರಡುವಾಗ ಗೌಡರು ಬಾಗಿಲ ಚಿಲಕ ಮುಟ್ಟಿ ನೋಡಿದರು. ಲೈನಿನ ಮನೆ ಎಸ್ಟೇಟಿನದು, ನೆನಪಿರಲಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ತಿಮ್ಮಪ್ಪ ಹಿಂದೆ ಉಳಿದು ಹೇಳಿದ.

ಮಾರನೇ ದಿನ ಗಿರಿಯನ್ನು ಪಾರ್ಚ್‌ಮೆಂಟ್ ಕಾಫಿಯ ಲೋಡಿನ ಜೊತೆ ಚಿಕ್ಕಮಗಳೂರಿಗೆ ಕಳಿಸಿದರು. ಅತ್ತೆಯನ್ನು ಗುಡ್ಡ ಹತ್ತಿಸಿದವಳು ನಾನೊಬ್ಬಳೇ. ಹತ್ತು ಹೆಜ್ಜೆಗೊಮ್ಮೆ ಕೂತಳು. ಕೊನೆಯ ಏರಿನಲ್ಲಿ ಬೆನ್ನ ಮೇಲೆ ಹೊತ್ತೆ. ಕಾಫಿ ಮೂಟೆಗಿಂತ ಹಗುರ ಇದ್ದಳು.

ಮೇಲೆ ತನಿಖೆಗೆ ಬಂದ ಅಧಿಕಾರಿ ಇದ್ದರು, ಗಾರ್ಡು ಇದ್ದ, ಗೌಡರು ಮತ್ತು ತಿಮ್ಮಪ್ಪ ಇದ್ದರು. ಧನ್ಯಾ ಮೇಡಂ ನಕ್ಷೆ ಹಿಡಿದು ಬಂದಿದ್ದರು. ನನ್ನನ್ನು ನೋಡಿ ನಕ್ಕು, ಚೆನ್ನಾಗಿದ್ದೀರಾ ಎಂದು ಕೇಳಿದರು. ಹೆಸರು ನೆನಪಿರಲಿಲ್ಲ. ಮಾವನ ಮರದ ಬುಡಕ್ಕೆ ನಕ್ಷೆ ಬಿಡಿಸಿ ಹಾಸಿದರು. ಹುಲ್ಲಿನ ಹಳದಿಯ ನಡುವೆ ಒಂದು ಹಸಿರು ಚುಕ್ಕೆ. ಅದು ನಮ್ಮವರು.

ಗೌಡರು ತಮ್ಮ ಮಾತು ಹೇಳಿದರು. ಮೇಡಂ ಮಳೆ, ಒಣ ತಿಂಗಳು, ಎತ್ತರ ಎಲ್ಲ ಹೇಳಿ ತಮ್ಮ ಮಾತು ಹೇಳಿದರು. ಅಧಿಕಾರಿ ಅತ್ತೆಯನ್ನು ಕೇಳಿದರು. ಅತ್ತೆ ಉಸಿರು ಹಿಡಿದುಕೊಂಡಳು.

“ನೆಟ್ಟಿದ್ದು.”

ಗೌಡರ ಮುಖ ಅರಳಿತು.

“ನಾವು ನೆಟ್ಟಿದ್ದು. ಹೆಣದ ತಲೆಗೆ. ಅದು ನನ್ನ ಗಂಡ. ಇಕಾ, ಇದು ಮುದ್ದಮ್ಮನ ಹುಡ್ಗಿ. ನೀವು ನಿಂತೀರಲ್ಲಮ್ಮ, ಅದು ಇವ್ಳಪ್ಪ, ದಾಸಯ್ಯ. ಚೆಂದಾಗಿ ಪದ ಹೇಳ್ತಿದ್ದ.”

ಮೇಡಂ ಕಾಲು ಹಿಂದಕ್ಕೆ ತೆಗೆದರು. ತೆಗೆದು ಇಟ್ಟ ಕಡೆಯೂ ಯಾರೋ ಇದ್ದರು. ತಾನಾಗೇ ಬೆಳೆದದ್ದು ಅಂದಿರಲ್ಲ ಅಜ್ಜಿ ಎಂದು ಕೇಳಿದರು. ದನಿ ಅಳುವ ಹಾಗಿತ್ತು.

“ಹಂಗನ್ನದಿದ್ರೆ ಕಂಬಕ್ಕೆ ಕಟ್ತಿದ್ರು ಕಣವ್ವ.”

ಮೊದಲು ಮಾತಾಡಿದವರು ಗೌಡರು. ಗೂಟ ಎಲ್ಲಿಯದು ಎಂದು ಕೇಳಿದರು. ತಮ್ಮ ತೋಟದ್ದೇ ತಾನೇ? ಹಾಗಾದರೆ ಮರವೂ ತಮ್ಮದೇ ಆಯಿತಲ್ಲ ಎಂದರು. ಕದ್ದದ್ದಕ್ಕೆ ಕೇಸು ಹಾಕುವುದಿಲ್ಲ, ಅದನ್ನು ಮಾಫಿ ಮಾಡಿದ್ದೇನೆ ಎಂದೂ ಸೇರಿಸಿದರು. ಅಧಿಕಾರಿ ಕಾಗದ ತಿರುವಿದರು. ಈ ಸರ್ವೆ ನಂಬರಿನಲ್ಲಿ ಸ್ಮಶಾನ ಎಂದು ಎಲ್ಲೂ ಇಲ್ಲ. ಇಲ್ಲದ ಸ್ಮಶಾನವನ್ನು ಬರೆಯಲು ತಮಗೆ ಬರುವುದಿಲ್ಲ. ನೈಸರ್ಗಿಕ, ಇಲ್ಲವೇ ಸಾಗುವಳಿ. ಎರಡೇ. ಅವರು ಮೇಡಂ ಮುಖ ನೋಡಿದರು. ಮೇಡಂ ನಕ್ಷೆಯ ಮೂಲೆಯಲ್ಲಿದ್ದ ಬಣ್ಣಗಳನ್ನು ಒಂದೊಂದಾಗಿ ನೋಡಿದರು. ನಾಲ್ಕಾರು ಹಸಿರು, ಒಂದೆರಡು ಹಳದಿ, ಒಂದು ಕಂದು.

“ಇದಕ್ಕೆ ನನ್ನ ಹತ್ರ ಬಣ್ಣ ಇಲ್ಲ,” ಎಂದರು ಮೆಲ್ಲಗೆ. ನಿಜವಾಗಿಯೂ ನೊಂದುಕೊಂಡಿದ್ದರು. ಬಣ್ಣ ಹಾಕುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಗಾರ್ಡು ನನ್ನ ಕಿವಿಯ ಹತ್ತಿರ ಬಂದು, ನೈಸರ್ಗಿಕ ಅಂತಲೇ ಹೇಳಿಬಿಡಿ, ಮರಗಳಾದರೂ ಉಳಿಯುತ್ತವೆ ಎಂದ. ಒಳ್ಳೆಯದಕ್ಕೇ ಹೇಳಿದ್ದು. ಮರಗಳು ಉಳಿಯುತ್ತವೆ, ನಾವು ಬೋರ್ಡಿನ ಹೊರಗೆ. ಗೌಡರದ್ದಾದರೆ ಮರಕ್ಕೆ ಮೆಣಸು ಹಬ್ಬಿಸುತ್ತಾರೆ, ನಾವು ಕೊಯ್ಯಲು ಒಳಗೆ ಬರಬಹುದು. ಅಪ್ಪನ ಮೈಮೇಲಿಂದ ಮೆಣಸು ಬಿಡಿಸಬಹುದು.

ಅಧಿಕಾರಿ ಮೋಡ ನೋಡಿದರು. ಎರಡರಲ್ಲಿ ಒಂದು ಹೇಳಿ ಹೆಬ್ಬೆಟ್ಟು ಒತ್ತಿ ಅಜ್ಜಿ ಎಂದರು. ಅತ್ತೆ ಮಾವನ ಮರಕ್ಕೆ ಒರಗಿ ಕೂತುಬಿಟ್ಟಳು. ಉಸಿರು ಗೊರಗೊರ ಅನ್ನುತ್ತಿತ್ತು.

“ನಂದೆಲ್ಲ ಹೇಳಿಯಾತು. ಇನ್ನು ಇವ್ಳ್ನ ಕೇಳಿ. ನನ್ನ ಮಣ್ಣು ಮಾಡೋಳು ಇವ್ಳು.”

ಗೌಡರು ತಮ್ಮ ಜೇಬಿನ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ನನ್ನ ಕಡೆ ಚಾಚಿದರು. ಅವರ ಕೈಯಿಂದ ನೇರವಾಗಿ ನನ್ನ ಕೈಗೆ ಯಾವ ವಸ್ತುವೂ ಅದುವರೆಗೆ ಬಂದಿರಲಿಲ್ಲ.

“ನೀನು ಏಳನೇ ಕ್ಲಾಸು ಓದಿದೋಳು, ದೇವೀರಮ್ಮ. ತಿಳುವಳಿಕೆ ಇದೆ. ಮನೆ, ಕೆಲಸ ಎಲ್ಲ ಯೋಚನೆ ಮಾಡು. ಎಸ್ಟೇಟಿನೋರು ನೆಟ್ಟಿದ್ದು ಅಂತ ಒಂದು ಸಹಿ ಹಾಕು.”

“ಹಾಕಲ್ಲ.”

ಗೌಡರ ಕೈ ಚಾಚಿದ ಹಾಗೇ ಇತ್ತು. ಅಧಿಕಾರಿ ಅವರ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಚಾಚಿದರು. ಗೌಡರದ್ದು ಬೇಡ, ನೈಸರ್ಗಿಕ ಎಂದಾದರೂ ಹಾಕಮ್ಮ, ನಾವು ಕೆಳಗೆ ಇಳಿಯಬೇಕು ಎಂದರು.

“ಅದಕ್ಕೂ ಹಾಕಲ್ಲ ಸ್ವಾಮಿ,” ಎಂದೆ.